ಬಾಮೈದನ ಬೈಕು

"ನಿಮ್ಮ ಸಾಲದ ವರದಿಯಲ್ಲಿದ್ದ ಈ ಬೈಕ್ ಸಾಲ ನಿಮ್ಮದಲ್ಲ, ಸರ್." ಬ್ಯಾಂಕಿನ ಮೇಡಂ ಕಂಪ್ಯೂಟರನ್ನು ಅವನತ್ತ ತಿರುಗಿಸಿದರು. "ನಿಮ್ಮದೇ ಹೆಸರು, ನಿಮ್ಮದೇ ಹುಟ್ಟಿದ ದಿನ ಇರೋ ಇನ್ನೊಬ್ಬರದ್ದು. ಇಬ್ಬರ ವಿವರ ಕಲಸಿಹೋಗಿತ್ತು. ನಿಮ್ಮ ದೂರು ನೋಡಿ ವರದಿ ಕಂಪನಿಯೋರು ತೆಗೆದುಹಾಕಿದಾರೆ. ಇನ್ನು ಅಂಗಡಿ ಸಾಲಕ್ಕೆ ಅಡ್ಡಿಯಿಲ್ಲ."

ವೈರಿಂಗ್ ಕೆಲಸದವನು ಹಿಗ್ಗಬೇಕಿತ್ತು. ಅವನ ಕಿವಿ ಬಿಸಿಯಾಯಿತು.

"ಹಾಗಾದ್ರೆ ನನ್ನ ಕಾಗದಪತ್ರ ಯಾರೂ ಕದ್ದಿರಲಿಲ್ವಾ?"

"ಇಲ್ಲ. ದೂರು ಕೊಡೋಕೆ ಕಾಸು ಖರ್ಚಿಲ್ಲ ಅಂತ ಅವತ್ತೇ ಹೇಳಿದ್ದೆ. ನೀವು ಏಜೆಂಟ್ ಹಿಂದೆ ಹೋದ್ರಿ."

ಹೋಗಿದ್ದ. "ವರದಿ ತೊಳೆದು ಫಳಫಳ ಮಾಡಿಕೊಡ್ತೀನಿ" ಎಂದಿದ್ದ ಏಜೆಂಟು ದುಡ್ಡು ನುಂಗಿ ನಾಪತ್ತೆಯಾದ. ಅದಕ್ಕೂ ಮೊದಲು, "ಮನೆಯೋರದ್ದೇ ಕೆಲ್ಸ ಇದು, ಅಣ್ಣಾ" ಎಂದು ಕಿವಿ ಕಚ್ಚಿದ್ದ. ಮನೆಯಲ್ಲೇ ಇದ್ದ ಬಾಮೈದ ಆ ವರ್ಷವೇ ಹೊಸ ಬೈಕು ಕೊಂಡಿದ್ದ. ಇನ್ನೇನು ಬೇಕು? ಬಾಮೈದ ಕೆಲಸ ಮಾಡುವ ಗ್ಯಾರೇಜಿಗೇ ನುಗ್ಗಿ, ಗಿರಾಕಿಗಳ ಎದುರು, "ಉಂಡ ಮನೆಗೆ ಎರಡು ಬಗೆದೋನು!" ಎಂದು ಕೂಗಾಡಿ ಬಂದಿದ್ದ. "ಒಳಗೆ ಬನ್ನಿ ಭಾವ, ಕೂತು ಮಾತಾಡೋಣ" ಎಂದಷ್ಟೇ ಅಂದಿದ್ದ ಬಾಮೈದ ಆ ಸಂಜೆಯೇ ಬಟ್ಟೆಬರೆ ಕಟ್ಟಿಕೊಂಡು ಮನೆ ಬಿಟ್ಟ. ಅಂದಿನಿಂದ ಹೆಂಡತಿ ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಆಮೇಲೆ ಅವನು ತಾನೇ ಬ್ಯಾಂಕಿಗೆ ಹೋಗಿ ದೂರು ಬರೆದುಕೊಟ್ಟದ್ದೂ ಬಾಮೈದನ ಕಳ್ಳತನ ಕಾಗದದ ಮೇಲೆ ಬರಲಿ ಎಂದೇ.

ಬ್ಯಾಂಕಿನಿಂದ ನೇರ ಗ್ಯಾರೇಜಿಗೆ ಹೋದ. ಮಾಲೀಕ ಅವನನ್ನು ನೋಡಿ ಎದ್ದು ನಿಲ್ಲಲಿಲ್ಲ.

"ನಿಮ್ಮ ಬಾಮೈದನಾ? ಗಲ್ಲಾ ನೋಡ್ಕೋತಿದ್ದ. ನಿಮ್ಮ ಮಾತು ಕೇಳಿದ ಮೇಲೆ ಹೇಗೆ ಕೂರಿಸ್ಲಿ? ಹಿಂದೆ ಗಾಡಿ ತೊಳೀತಾವ್ನೆ."

"ಅವನು ಕದ್ದಿಲ್ಲ. ತಪ್ಪು ನಂದು."

"ಏನಂದ್ರಿ? ಕೇಳಿಸ್ಲಿಲ್ಲ."

ಅಂದು ಬೀದಿಗೆಲ್ಲ ಕೇಳಿಸಿದ್ದ ಗಂಟಲು ಇಂದು ಮೇಜು ದಾಟಲಿಲ್ಲ. ಟೈರು ಬಿಚ್ಚುತ್ತಿದ್ದವರು ತಲೆ ಎತ್ತಿದರು. ದನಿ ಏರಿಸಿ ಮತ್ತೆ ಹೇಳಿದ. "ಅವನು ಕಳ್ಳ ಅಲ್ಲ. ನಾನೇ ಸುಳ್ಳು ಆಪಾದನೆ ಹೊರಿಸ್ದೆ."

ಮಾಲೀಕ ಹಿಂಬಾಗಿಲತ್ತ ಕೈ ತೋರಿಸಿದ.

ಹಿಂದೆ ಬಾಮೈದ ಯಾರದೋ ಬೈಕಿಗೆ ನೀರು ಹಾಯಿಸುತ್ತಿದ್ದ. ಎಲ್ಲವೂ ಅವನಿಗೆ ಕೇಳಿಸಿತ್ತು.

"ಅಕ್ಕ ಹೇಗಿದಾಳೆ?"

"ಮನೆಗೆ ಬಾರಪ್ಪ. ನೀನೇ ನೋಡು."

"ನೋಡೋಣ ಭಾವ."

ಸೋಪಿನ ನೀರು ಭಾವನ ಚಪ್ಪಲಿಯತ್ತ ಹರಿಯಿತು. ಬಾಮೈದ ಪೈಪನ್ನು ಆಚೆ ತಿರುಗಿಸಿಕೊಂಡು ಚಕ್ರ ತೊಳೆಯುತ್ತಲೇ ಇದ್ದ.