ಎರಡನೆಯ ದನಿ

ಜುಲೆಮಾ ಕರವಸ್ತ್ರದ ತುದಿಗೆ ಉಗುಳು ಹಚ್ಚಿಕೊಂಡು ಅಕ್ಕನ ತುಟಿಯ ಕೆಂಪನ್ನು ಒರೆಸುತ್ತಿದ್ದಳು. ಹೆಣ ಸಿಂಗರಿಸಿದ ಹುಡುಗಿ ಯಾರಿಗೆ ಏನು ಒಪ್ಪುತ್ತದೆಂದು ನೋಡದೆ ಬಳಿದುಬಿಟ್ಟಿದ್ದಳು. ಎಪ್ಪತ್ತೊಂಬತ್ತು ವರ್ಷ ಬದುಕಿದ ಎಲೋದಿಯಾ ಒಂದು ದಿನವೂ ತುಟಿಗೆ ಬಣ್ಣ ಹಚ್ಚಿದವಳಲ್ಲ. ವೆಸ್ಲಾಕೊದ ಈರುಳ್ಳಿ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ನಿಂತು ಗಡ್ಡೆ ಆರಿಸಿದವಳಿಗೆ ಅಂಥ ಷೋಕಿ ಎಲ್ಲಿಂದ ಬರಬೇಕು? ಈಗ ಪೆಟ್ಟಿಗೆಯಲ್ಲಿ ಮಲಗಿದ ಮೇಲೆ ಬೇಡ ಎನ್ನುವ ಬಾಯಿಯೂ ಇರಲಿಲ್ಲ.

"ಬಿಡಿ ಚಿಕ್ಕಮ್ಮ. ಮುಟ್ಟಬೇಡಿ."

ಚರ್ಚಿನ ಒಳಕೋಣೆಯ ಬಾಗಿಲಲ್ಲಿ ಎಲೋದಿಯಾಳ ಮಗಳು ಒರಾಲಿಯಾ ನಿಂತಿದ್ದಳು. ಐವತ್ತೈದು ದಾಟಿದ ಹೆಂಗಸು. ಚಿಕ್ಕವಳಿದ್ದಾಗ ಜುಲೆಮಾಳ ತೊಡೆಯ ಮೇಲೆ ಕುಳಿತು ಅವಳ ಕಿವಿಯ ರಿಂಗು ಎಳೆಯುತ್ತಿದ್ದವಳು, ಈಗ ಹೊರಗಿನವರನ್ನು ಮಾತಾಡಿಸಿದ ಹಾಗೆ 'ನೀವು' ಎನ್ನುತ್ತಿದ್ದಳು.

"ಅಕ್ಕನಿಗೆ ಇದು ಒಪ್ಪಲ್ಲ ಕಣೆ. ಅದಕ್ಕೇ..."

"ಏನು ಒಪ್ಪುತ್ತೆ, ಏನು ಒಪ್ಪಲ್ಲ ಅಂತ ನಿಮಗೆ ಇವತ್ತು ನೆನಪಾಯ್ತಾ? ಸಮಾಧಿ ಹತ್ರ ಹಾಡ್ತೀರಂತೆ. ನಿಮ್ಮ ಅತ್ತೆ ಮಗಳು ಹರ್ಮೀನಿಯಾ ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದಿದ್ದಾಳೆ."

"ಒಂದೇ ಒಂದು ಹಾಡು. ಅವಳಿಗೋಸ್ಕರ."

"ಬೇಡ. ಹುಟ್ಟಿದಾಗಿಂದ ನಮ್ಮಮ್ಮನಿಗೆ ಅಂತ ಸಿಕ್ಕಿರೋದು ಇದೊಂದು ದಿನ. ನೀವು ಬಾಯಿ ಬಿಟ್ರೆ ಇದೂ ನಿಮ್ಮ ದಿನ ಆಗೋಗುತ್ತೆ."

ಜುಲೆಮಾ ಕರವಸ್ತ್ರ ಮಡಿಸಿಕೊಂಡಳು. ಬೆಳಿಗ್ಗೆ ಚರ್ಚಿನ ಮೆಟ್ಟಿಲಲ್ಲೇ ಮುದುಕನೊಬ್ಬ ಅವಳ ಮೊದಲ ರೆಕಾರ್ಡನ್ನು ಎದೆಗವಚಿಕೊಂಡು ಬಂದು ಸಹಿ ಕೇಳಿದ್ದ. 'ನದಿಯ ಈಚೆ ದಡ'. ಕಿವಿಯ ಹಿಂದೆ ಹೂ ಸಿಕ್ಕಿಸಿಕೊಂಡ ಇಪ್ಪತ್ನಾಲ್ಕು ವರ್ಷದ ಜುಲೆಮಾಳ ಚಿತ್ರ, ಅದರ ಕೆಳಗೆ ಒಂದೇ ಹೆಸರು. ಸಹಿ ಹಾಕುವುದಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹಾಕಿ ಕೊಟ್ಟಿದ್ದಳು. ಅದನ್ನು ಒರಾಲಿಯಾ ನೋಡಿದ್ದಳು.

"ಎರಡನೇ ಕ್ಲಾಸಲ್ಲಿ ನಾನು ಆ ರೆಕಾರ್ಡ್ ಸ್ಕೂಲಿಗೆ ತಗೊಂಡು ಹೋಗಿದ್ದೆ," ಎಂದಳು ಒರಾಲಿಯಾ. "ಇದರಲ್ಲಿ ನಮ್ಮಮ್ಮ ಹಾಡಿದ್ದಾಳೆ ಅಂದೆ. ಟೀಚರ್ ಹಿಂದೆ ಮುಂದೆ ತಿರುಗಿಸಿ ನೋಡಿ, ಎಲ್ಲಮ್ಮಾ ಹೆಸರು, ಅಂತ ಕೇಳಿದ್ಲು. ಇಡೀ ಕ್ಲಾಸು ನಕ್ಕಿತು. ಆ ವರ್ಷವೆಲ್ಲ ನನ್ನನ್ನ ಸುಳ್ಳಿ ಅಂತಲೇ ಕರೆದ್ರು."

"ನಂಗೆ ಗೊತ್ತಿರಲಿಲ್ಲ ಮಗಳೇ."

"ಹೇಗೆ ಗೊತ್ತಾಗುತ್ತೆ? ಆಗ ನೀವು ಸಾನ್ ಅಂತೋನಿಯೊದಲ್ಲಿ ದೊಡ್ಡ ಮನುಷ್ಯರಾಗಿದ್ರಲ್ಲ."

*

ಆ ರೆಕಾರ್ಡು ಆದದ್ದು ರೊಟ್ಟಿ ಅಂಗಡಿಯ ಹಿಂದಿನ ಗ್ಯಾರೇಜಿನಲ್ಲಿ. ಹೊರಗಿನ ಸದ್ದು ತಡೆಯಲು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು. ಇದ್ದದ್ದು ಒಂದೇ ಮೈಕು. ಏಪ್ರಿಲ್ ತಿಂಗಳು, ಈರುಳ್ಳಿಯ ಕಾಲ. ಎಲೋದಿಯಾ ಶೆಡ್ಡಿನಿಂದ ನೇರ ಬಂದಿದ್ದಳು, ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಅವಳ ಕೈಯ ವಾಸನೆಗೆ ಅಕಾರ್ಡಿಯನ್ ನುಡಿಸುವ ಕ್ಲೆಮೆಂತೆಯ ಕಣ್ಣಲ್ಲಿ ನೀರು ಬಂದಿತ್ತು. "ನೋಡ್ರೋ, ಹಾಡೋಕೆ ಮುಂಚೆನೇ ಅಳಿಸಿಬಿಟ್ಟೆ," ಎಂದು ಅವಳು ನಕ್ಕಿದ್ದಳು.

ನದಿಯೇ ಎರಡು ದೇಶಗಳ ಗಡಿಯಾದ ಆ ಸೀಮೆಯ ಹಳೆಯ ಹಾಡುಗಳನ್ನು ಒಂಟಿಯಾಗಿ ಹಾಡುವ ಪದ್ಧತಿ ಇರಲಿಲ್ಲ. ಜೋಡಿಯಾಗಿಯೇ ಹಾಡಬೇಕು. ಜನ ಗುನುಗಿಕೊಂಡು ಮನೆಗೆ ಒಯ್ಯುವುದು ಮೊದಲನೆಯ ದನಿಯ ರಾಗವನ್ನು. ಎರಡನೆಯ ದನಿ ಅದರ ಕೆಳಗೆ ಬೇರೆಯೇ ದಾರಿಯಲ್ಲಿ ನಡೆದು, ಭಾರವನ್ನೆಲ್ಲ ತಾನು ಹೊರುತ್ತದೆ. ಅದೊಂದನ್ನೇ ಬಿಡಿಸಿ ಕೇಳಿಸಿದರೆ ಯಾವ ಹಾಡೆಂದು ಹಾಡು ಕಟ್ಟಿದವನಿಗೂ ಗುರುತು ಸಿಗಲಿಕ್ಕಿಲ್ಲ. ಅಪ್ಪ ಇಬ್ಬರಿಗೂ ಕಲಿಸುವಾಗ ಚಂದದ ದನಿಯವಳಿಗೆ ಮೊದಲನೆಯದನ್ನು ಕೊಟ್ಟಿದ್ದ, ಗಟ್ಟಿ ದನಿಯವಳಿಗೆ ಎರಡನೆಯದನ್ನು.

ಹಾಡು ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ ರೆಕಾರ್ಡ್ ಕಂಪನಿಯ ಮಾಲೀಕ ಹೇಳಿದ: "ಕವರಿನ ಮೇಲೆ ಒಂದು ಮುಖ, ಒಂದು ಹೆಸರು ಸಾಕು. ಇಬ್ಬರನ್ನ ಹಾಕಿದ್ರೆ ಚರ್ಚಿನ ಭಜನೆ ಅಂದ್ಕೋತಾರೆ. ಏನಮ್ಮಾ ಜುಲೆಮಾ?"

ಎಲೋದಿಯಾ ತಂಗಿಯ ಕಡೆ ನೋಡಿದಳು. ಹೆಚ್ಚೇನೂ ಬೇಕಿರಲಿಲ್ಲ. "ಅಕ್ಕನ ಹೆಸರೂ ಇರಲಿ" ಎಂಬ ಮೂರು ಮಾತು. ಜುಲೆಮಾ ತನ್ನ ಹೊಸ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳಲು ಬಗ್ಗಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ನುಂಗಿದ ಮಾತಿನ ಬಗ್ಗೆ ಯಾರೂ ಗಾದೆ ಕಟ್ಟಿಲ್ಲ. ಅವಳು ಆ ಪಟ್ಟಿಯನ್ನು ಬೇಕಾದ್ದಕ್ಕಿಂತ ಎಷ್ಟೋ ಹೊತ್ತು ಎಳೆಯುತ್ತ ಕೂತಿದ್ದಳು.

"ಅಯ್ಯೋ, ನಂಗ್ಯಾಕೆ ಹೆಸರು?" ಎಂದು ಕೊನೆಗೆ ಎಲೋದಿಯಾಳೇ ಅಂದಳು. "ಹೆಸರು ಕಂಡ್ರೆ ಶೆಡ್ಡಿನ ಮೇಸ್ತ್ರಿ, ಓಹೋ ದೊಡ್ಡ ಗಾಯಕಿ, ನಾಳೆಯಿಂದ ಬರಬೇಡ ಅಂತಾನೆ. ಹೊರಡ್ತೀನಿ, ಮಗು ಪಕ್ಕದ ಮನೇಲಿದೆ."

ಅವಳು ಆಮೇಲೆ ಮೈಕಿನ ಮುಂದೆ ನಿಲ್ಲಲೇ ಇಲ್ಲ. ಜುಲೆಮಾ ಇನ್ನೂ ಒಂಬತ್ತು ರೆಕಾರ್ಡು ಮಾಡಿದಳು. ಒಳ್ಳೊಳ್ಳೆಯ ಗಾಯಕಿಯರು ಎರಡನೆಯ ದನಿ ಕೊಟ್ಟರು. ಜನ ಮಾತ್ರ ಎಲ್ಲಿ ಹೋದರೂ ಆ ಮೊದಲನೆಯದನ್ನೇ ಕೇಳುತ್ತಿದ್ದರು.

*

ಪೂಜೆ ಮುಗಿದು ಪೆಟ್ಟಿಗೆ ಕಾರಿಗೇರುವ ಹೊತ್ತಿಗೆ ಸೋದರತ್ತೆಯ ಮಗಳು ಹರ್ಮೀನಿಯಾ ಬಂದು ಜುಲೆಮಾಳ ತೋಳು ಹಿಡಿದುಕೊಂಡಳು. ಊರಿನ ಸಾವುಗಳಿಗೆಲ್ಲ ಅವಳೇ ಯಜಮಾನಿ.

"ಹಾಡಲ್ವಂತೆ? ಏನೇ ಇದು! ಮೆಕ್ಯಾಲನ್ನಿಂದ ಜನ ಬಂದಿದ್ದಾರೆ. ನಾನು ಏನಂತ ಮುಖ ತೋರಿಸ್ಲಿ?"

"ಅವಳ ಮಗಳು ಬೇಡ ಅಂದ್ಲು."

"ಅವಳ ಮಾತೇನು ಬಿಡು. ಮೂಗಿನ ಮೇಲೇ ಕೋಪ ಅವಳಿಗೆ, ಥೇಟು ಅವರಪ್ಪನ ಹಾಗೆ. ಆ ಪುಣ್ಯಾತ್ಮನಂತೂ ಸಾಯೋವಾಗಲೂ ಡಾಕ್ಟರ ಜೊತೆ ಜಗಳ ಆಡ್ಕೊಂಡೇ ಸತ್ತ."

ಪಕ್ಕದಲ್ಲಿ ಅಕಾರ್ಡಿಯನ್ ಹೆಗಲಿಗೇರಿಸಿಕೊಂಡಿದ್ದ ಕ್ಲೆಮೆಂತೆ ನಗಲಿಲ್ಲ. ಅವನಿಗೆ ಎಂಬತ್ತೆರಡು. ಹರ್ಮೀನಿಯಾ ಆಚೆ ಹೋದ ಮೇಲೆ ಹೇಳಿದ: "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ರೆಕಾರ್ಡ್ ಹಾಕಿದಾಗೆಲ್ಲ ನಾನು ಕೇಳಿಸ್ಕೋತಿದ್ದದ್ದು ಅವಳನ್ನ."

"ನಾನೂ ಅಷ್ಟೆ ಕಣೋ," ಎಂದಳು ಜುಲೆಮಾ.

ಆಸ್ಪತ್ರೆಯಲ್ಲಿ ನಾಲ್ಕು ದಿನ ಕೂತಿದ್ದಳು, ಕ್ಷಮಿಸು ಎನ್ನಬೇಕೆಂದು. ಎಲೋದಿಯಾ ಕಣ್ಣು ತೆರೆದಾಗಲೆಲ್ಲ ಯಾವಳೋ ನರ್ಸು ಬಂದಳು, ಇಲ್ಲವೇ ಇವಳಿಗೇ ಧೈರ್ಯ ಸಾಲಲಿಲ್ಲ. ಹಾಗಾಗಿ ಇವತ್ತಿನ ಹಾಡನ್ನೇ ನಂಬಿದ್ದಳು. ಹಾಡು ಮುಗಿಸಿ, ಐವತ್ತು ವರ್ಷ ನೀವು ಕೇಳಿದ್ದು ಈ ಪೆಟ್ಟಿಗೆಯೊಳಗಿನವಳನ್ನು ಎಂದು ಎಲ್ಲರೆದುರು ಹೆಸರು ಹಿಡಿದು ಹೇಳಬೇಕೆಂದಿದ್ದಳು. ಮಣ್ಣು ಬಿದ್ದ ಮೇಲೆ ಹೇಳಿದರೆ ಯಾರಿಗೆ ಹೇಳಿದ ಹಾಗಾಯಿತು? ಆ ಬಾಗಿಲೂ ಮುಚ್ಚಿತ್ತು. ಅವಳಿಗೆ ಒರಾಲಿಯಾಳ ಮೇಲೆ ಸಿಟ್ಟು ಬರಲಿಲ್ಲ, ತನ್ನ ಮೇಲೆ ಹೇಸಿಗೆಯಾಯಿತು.

*

ಸ್ಮಶಾನದ ಬೇಲಿಯಾಚೆ ಕಿತ್ತ ಈರುಳ್ಳಿಯ ಸಾಲುಗಳು ಬಿಸಿಲಿಗೆ ಒಣಗುತ್ತಿದ್ದವು. ಗಾಳಿಯ ತುಂಬ ಅದೇ ಘಾಟು. ಪಾದ್ರಿ ಕೊನೆಯ ಪ್ರಾರ್ಥನೆ ಹೇಳಿ ಪುಸ್ತಕ ಮುಚ್ಚಿದ. ಕ್ಲೆಮೆಂತೆ ಯಾರನ್ನೂ ಕೇಳದೆ ಅಕಾರ್ಡಿಯನ್ ಬಿಚ್ಚಿ, ಎಲ್ಲರಿಗೂ ಗೊತ್ತಿದ್ದ ಆ ನದಿಯ ಹಾಡಿನ ಮೊದಲ ತುಣುಕು ನುಡಿಸಿದ. ನೂರು ತಲೆಗಳು ಜುಲೆಮಾಳ ಕಡೆ ತಿರುಗಿದವು. ಅವಳು ನೆಲ ನೋಡಿದಳು.

"ನಾನೇ ಹಾಡ್ತೀನಿ," ಎಂದಳು ಒರಾಲಿಯಾ. ಎರಡು ಹೆಜ್ಜೆ ಮುಂದೆ ಬಂದು ಪೆಟ್ಟಿಗೆಯ ಪಕ್ಕ ನಿಂತಳು. "ನಂಗೆ ಹಾಡೋಕೆ ಬರಲ್ಲ. ನಮ್ಮಮ್ಮ ರೊಟ್ಟಿ ಬೇಯಿಸ್ತಾ ಹೇಗೆ ಹಾಡ್ಕೋತಿದ್ಲೋ ಹಾಗೆ ಹಾಡ್ತೀನಿ. ತಪ್ಪಾದ್ರೆ ನಗಬೇಡಿ."

*ನದಿಯೇ, ನಿನ್ನ ಎರಡು ದಡಕ್ಕೂ ನಾನು ಮಗಳೇ,*
*ಯಾವ ದಡದಲ್ಲಿ ಅತ್ತರೆ ನಿನಗೆ ಕೇಳುವುದು?*

ಮಾತು ಅದೇ. ರಾಗ ಬೇರೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿನಲ್ಲಿ ನಗೆ ಅಡಗಿಸಿದರು. ಜುಲೆಮಾ ಮಾತ್ರ ತಲೆ ಎತ್ತಿದಳು. ಎಲ್ಲೂ ತಪ್ಪಿರಲಿಲ್ಲ. ಇಳಿಯಬೇಕಾದಲ್ಲಿ ಇಳಿದು, ನಿಲ್ಲಬೇಕಾದಲ್ಲಿ ನಿಂತು, ಅಕ್ಕನ ಎರಡನೆಯ ದನಿ ಕೂದಲೆಳೆಯಷ್ಟೂ ಆಚೀಚೆಯಾಗದೆ ಬರುತ್ತಿತ್ತು. ಆ ಮನೆಯಲ್ಲಿ ಹಾಡೆಂದರೆ ಇದೇ ಆಗಿತ್ತು. ಅಮ್ಮ ಒಲೆಯ ಮುಂದೆ ತನ್ನ ಪಾಲನ್ನೇ ಹಾಡಿಕೊಂಡಳು, ಮಗಳು ಅದನ್ನೇ ಪೂರ್ತಿ ಹಾಡೆಂದು ತಿಳಿದು ಕಲಿತಳು. ಇದು ಅರ್ಧ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಪಾಪ, ದಾರಿ ತಪ್ಪಿದ್ಲು ಹುಡುಗಿ," ಎಂದು ಹರ್ಮೀನಿಯಾ ಮೊಣಕೈಯಿಂದ ತಿವಿದಳು. "ನೀನು ಹಾಡು ಎತ್ಕೊಳ್ಳೇ, ಮರ್ಯಾದೆ ಉಳಿಸು!"

ಕ್ಲೆಮೆಂತೆಗೂ ತಿಳಿದಿತ್ತು. ಬೆರಳುಗಳು ಒಂದು ಗಳಿಗೆ ತಡವರಿಸಿ, ಕೆಳಗಿನ ಸ್ವರ ಹಿಡಿದವು. ಅವನು ಜುಲೆಮಾಳತ್ತ ಗದ್ದ ಎತ್ತಿದ. ಬಾ, ಸೇರಿಕೋ. ಅವಳೊಬ್ಬಳು ಬಾಯಿ ತೆರೆದರೆ ಸಾಕಿತ್ತು. ಹಾಡು ತುಂಬಿಕೊಳ್ಳುತ್ತಿತ್ತು, ನಗುವವರ ಬಾಯಿ ಮುಚ್ಚುತ್ತಿತ್ತು, ಇಡೀ ಸ್ಮಶಾನ ಅಳುತ್ತಿತ್ತು. ಆದರೆ ಅಕ್ಕ ಮತ್ತೆ ಇವಳ ದನಿಯ ಕೆಳಗೆ ಹೋಗುತ್ತಿದ್ದಳು.

ಜುಲೆಮಾ ಇಲ್ಲವೆಂದು ತಲೆಯಾಡಿಸಿದಳು.

ಕ್ಲೆಮೆಂತೆ ಅಕಾರ್ಡಿಯನ್ ಮಡಿಸಿ, ಪಟ್ಟಿ ಹಾಕಿ, ಟೋಪಿ ತೆಗೆದು ನಿಂತ. ಬರಿಯ ಆ ದನಿಯೊಂದೇ ಉಳಿಯಿತು. ಒರಾಲಿಯಾ ಒಮ್ಮೆ ತಿರುಗಿ ನೋಡಿದಳು. ಹಲ್ಲು ಕಚ್ಚಿ ನಿಂತ ಚಿಕ್ಕಮ್ಮನಿಗೆ ಸಿಟ್ಟು ಬಂದಿದೆಯೆಂದುಕೊಂಡಳೋ ಏನೋ, ಹಟಕ್ಕೆ ಬಿದ್ದವಳಂತೆ ದನಿ ಗಟ್ಟಿ ಮಾಡಿದಳು. ಪೆಟ್ಟಿಗೆ ಹಗ್ಗದ ಮೇಲೆ ಇಳಿಯತೊಡಗಿತು. ಜುಲೆಮಾ ಬಾಯಿ ತೆರೆಯಲಿಲ್ಲ. ಮುಚ್ಚಿದ ತುಟಿಗಳ ಹಿಂದೆ ಅವಳ ಗಂಟಲು ಮಾತ್ರ, ಪ್ರತಿ ಸಾಲಿಗೂ, ಸದ್ದಿಲ್ಲದೆ ಏರುತ್ತಿತ್ತು, ಇಳಿಯುತ್ತಿತ್ತು.