ಜೇರ್ದೆ ಅಟ್ಟಬೇಕಾಗಿದ್ದ ಮಗಳು

ಆ ಬೇಸಿಗೆಯಲ್ಲಿ ಸೋಂಕೋಲ್ ಸರೋವರದ ಮೇಲಿನ ಹುಲ್ಲುಗಾವಲಿಗೆ ಬಂದಿದ್ದವರೆಲ್ಲರ ಕಣ್ಣೂ ಜೂರಾಳ ಮನೆಯ ಒಂದು ಹರೆಯದ ಹೆಣ್ಣು ಕುದುರೆಯ ಮೇಲಿತ್ತು. ಅದು ಪಂದ್ಯ ಗೆದ್ದ ಕುದುರೆಯೇನಲ್ಲ, ನೋಡಲು ಅಂಥ ಚೆಲುವೆಯೂ ಅಲ್ಲ. ಮೈ ಒಣಹುಲ್ಲಿನ ಬಣ್ಣ, ಬೆನ್ನ ಮೇಲೊಂದು ಕಪ್ಪುಗೆರೆ. ಹೆಸರು ಕುಲಾ. ಅದು ಹಿಂಡಿನಿಂದ ಅಟ್ಟಿಸಿಕೊಳ್ಳುತ್ತದೋ ಇಲ್ಲವೋ ಎಂಬುದೇ ಎಲ್ಲರ ಕುತೂಹಲ. ಅಟ್ಟಿಸಿಕೊಂಡರೆ ಮನೆಗೆ ನೆಮ್ಮದಿ, ಅಟ್ಟಿಸಿಕೊಳ್ಳದಿದ್ದರೆ ಮನೆ ಎರಡು ಹೋಳು.

ಹಿಂಡಿನ ಗಂಡು ಕುದುರೆ ತನ್ನ ಮಗಳನ್ನು ತಾನು ಕೂಡುವುದಿಲ್ಲ. ಮಗಳು ಹರೆಯಕ್ಕೆ ಬಂದದ್ದೇ ತಡ, ಕಿವಿ ಹಿಂದಕ್ಕೆ ಮಡಿಚಿ, ಕಚ್ಚಿ ಕಚ್ಚಿ ಹಿಂಡಿನಿಂದ ಆಚೆಗೆ ಅಟ್ಟುತ್ತದೆ. ಅವಳು ಬೇರೆ ಹಿಂಡು ಹುಡುಕಿಕೊಂಡು ಹೋಗಬೇಕು. ಹೊರಗಿನಿಂದ ಬಂದವಳಾದರೆ ಇರು ಎಂದು ಇಟ್ಟುಕೊಳ್ಳುತ್ತದೆ. ಆ ಬೆಟ್ಟಗಳಲ್ಲಿ ಇದನ್ನು ತೊಟ್ಟಿಲ ಕೂಸೂ ಬಲ್ಲದು. ಆದರೆ ತನ್ನ ಮಗಳೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಯಾರೂ ಬಲ್ಲವರಿಲ್ಲ. ಜೂರಾ ಚಿಕ್ಕವಳಿದ್ದಾಗ ತನ್ನ ಅಜ್ಜನನ್ನು ಇದನ್ನೇ ಕೇಳಿದ್ದಳು. ವಾಸನೆ ಇರಬೇಕು ಎಂದಿದ್ದ ಅಜ್ಜ. ಹುಟ್ಟಿದಾಗಿನಿಂದ ಜೊತೆಗಿದ್ದ ಪರಕೀಯಳಿಗೂ ಅದೇ ವಾಸನೆ ಹತ್ತುವುದಿಲ್ಲವೇ ಎಂದು ಇವಳು ಮರುಪ್ರಶ್ನೆ ಹಾಕಿದ್ದಕ್ಕೆ, ಹೋಗಿ ಸಗಣಿ ಆರಿಸು ಎಂದು ಗದರಿ ಕಳಿಸಿದ್ದ. ಮೊಮ್ಮಕ್ಕಳನ್ನು ಕಾಣುವ ವಯಸ್ಸು ಬಂದರೂ ಜೂರಾಳ ಆ ಪ್ರಶ್ನೆ ಹಾಗೇ ಉಳಿದಿತ್ತು.

ಜೂರಾಳ ಗಂಡ ಜುಮಾದಿಲ್ ಸಾಯುವ ಮುಂಚೆ ಒಂದು ಮಾತು ಕೊಟ್ಟಿದ್ದ. ಹಿರಿಮಗ ಸಗಿನ್ ಬೇರೆ ಒಲೆ ಹೂಡುವ ದಿನ ಅವನ ಪಾಲಿಗೆ ಕೆಂಗಂದು ಜೇರ್ದೆಯ ಮಗಳೊಂದು ಸೇರಬೇಕು. ಜೇರ್ದೆ ಎಂದರೆ ಅವರ ಹಿಂಡಿನ ಗಂಡು ಕುದುರೆ, ಸುತ್ತಲ ಐದಾರು ಬೀಡುಗಳಲ್ಲಿ ಹೆಸರಾದದ್ದು. ಆದರೆ ಆ ಮಾತು ಕೊಟ್ಟ ಮೇಲೆ ಜೇರ್ದೆಗೆ ಹುಟ್ಟಿದ್ದೆಲ್ಲ ಗಂಡುಮರಿ. ಹುಟ್ಟಿದ್ದೊಂದೇ ಹೆಣ್ಣು, ಕುಲಾ. ಅದರಲ್ಲೂ ಒಂದು ತೊಡಕು. ಕುಲಾ ಹುಟ್ಟುವುದಕ್ಕೆ ಹಿಂದಿನ ವರ್ಷ ವಸಂತದಲ್ಲಿ ಅದರ ತಾಯಿ ಹಗ್ಗ ಕಿತ್ತುಕೊಂಡು ಕಣಿವೆಯ ಆಚೆ ಹೋಗಿಬಿಟ್ಟಿದ್ದಳು. ಹಿಮ ಕರಗಿದ ಮೇಲೆ ಏನೂ ಆಗದವಳಂತೆ ತಾನಾಗಿ ಬಂದು ನಿಂತಳು. ಮರುವರ್ಷ ಮರಿ ಹಾಕಿದಳು. ಅಪ್ಪ ಯಾರೆಂದು ಹೇಳುವವರು ಯಾರು?

ಈಗ ಸಗಿನ್‌ಗೆ ಮದುವೆಯಾಗಿತ್ತು. ಬೇರೆ ಗುಡಾರದ ಕಟ್ಟಿಗೆ, ಉಣ್ಣೆಹಾಸು ಎಲ್ಲ ಸಿದ್ಧವಾಗಿತ್ತು. ಕಿರಿಮಗ ತುರಾತ್ ರೂಢಿಯಂತೆ ತಾಯಿಯ ಜೊತೆ ದೊಡ್ಡಮನೆಯಲ್ಲೇ ಉಳಿಯುವವನು. ಕುಲಾ ಜೇರ್ದೆಯ ಮಗಳಲ್ಲವಾದರೆ ಅಪ್ಪನ ಮಾತು ನಡೆದಂತಾಗಲಿಲ್ಲ, ಹಾಗಿದ್ದಲ್ಲಿ ತನಗೆ ಜೇರ್ದೆಯನ್ನೇ ಕೊಡಬೇಕು ಎಂದು ಸಗಿನ್ ಕೂತ. ಜೇರ್ದೆ ಹೋದರೆ ಹಿಂಡೇ ಚದುರಿಹೋಗುತ್ತದೆ, ಆಮೇಲೆ ನಾವು ಮೇಕೆ ಹಾಲು ಕಾಯಿಸಿ ಕುಡಿಯುವುದೇ ಎಂದು ತುರಾತ್. ಅಣ್ಣತಮ್ಮ ಒಂದೇ ಬಟ್ಟಲಲ್ಲಿ ಕುಮಿಸ್, ಅಂದರೆ ಹುಳಿಸಿದ ಕುದುರೆ ಹಾಲು, ಕುಡಿಯುವುದನ್ನು ಬಿಟ್ಟರು. ಹುಲ್ಲು ಕೊಯ್ಯಲು ಕಣಿವೆಗೆ ಇಳಿಯುವವರೆಗೆ ಕಾಯೋಣ, ಅಷ್ಟರೊಳಗೆ ಜೇರ್ದೆ ಅಟ್ಟಿದರೆ ಮಗಳು, ಅಟ್ಟದಿದ್ದರೆ ಅಲ್ಲ ಎಂದು ಜೂರಾ ಇಬ್ಬರನ್ನೂ ಒಪ್ಪಿಸಿದಳು. ಪಕ್ಕದ ಬೀಡಿನ ಸತಾರ್ ಅಜ್ಜ ಸಾಕ್ಷಿಗೆ ನಿಂತ.

ಮನಸ್ಸು ಭಾರವಾಗಿದ್ದರೂ ಜೂರಾಳ ಕಣ್ಣಿನ ಚಪಲ ಹೋಗಲಿಲ್ಲ. ಒಂದರಿಂದ ಒಂದು ಸಿಡಿದು ಬೇರೆಯಾಗುವುದನ್ನು ಅವಳು ಎಲ್ಲೆಲ್ಲೂ ಕಾಣತೊಡಗಿದಳು. ವಸಂತದಲ್ಲಿ ಸರೋವರದ ಮಂಜುಗಡ್ಡೆ ನಡುವೆ ಒಡೆಯುವುದಿಲ್ಲ, ಮೊದಲು ದಡವನ್ನು ಬಿಡುತ್ತದೆ. ದಡ ಬಿಟ್ಟ ಮೇಲೇ ಗಾಳಿಯ ಕೈಗೆ ಸಿಗುವುದು. ತೊರೆಯ ಅಂಚಿನ ಮಣ್ಣು ಹುಲ್ಲುಸಮೇತ ಕಳಚಿ ಕೆಳಗಿಳಿದರೂ ಆ ಹುಲ್ಲು ಹಸಿರಾಗಿಯೇ ಇರುತ್ತದೆ. ಕುರಿಹಿಂಡಿನಲ್ಲಿ ದಿನಾ ಒಂದು ಕುರಿ ತಪ್ಪಿಸಿಕೊಳ್ಳುತ್ತದೆ, ದಿನಾ ಅದೇ ಕುರಿಯಲ್ಲ. ಇವೆಲ್ಲಕ್ಕೂ ಒಂದೇ ಕಾರಣವಿದ್ದೀತೇ, ಇಲ್ಲ ಒಂದೊಂದಕ್ಕೂ ಬೇರೆ ಬೇರೆಯೇ ಎಂದು ಹಿಟ್ಟು ನಾದುತ್ತ ಯೋಚಿಸುವಳು.

ಕುಲಾ ಮಾತ್ರ ಯಾವ ಸಿಡುಕೂ ಇಲ್ಲದೆ ಇದ್ದಲ್ಲೇ ಇತ್ತು. ಹಗಲೆಲ್ಲ ಮರಿಗಳನ್ನು ಉದ್ದನೆಯ ಹಗ್ಗಕ್ಕೆ ಕಟ್ಟುತ್ತಾರೆ, ತಾಯಂದಿರು ಹಾಲು ಕೊಡಲು ಅಲ್ಲೇ ಸುಳಿದಾಡುತ್ತವೆ, ಜೇರ್ದೆ ಜನರ ಗದ್ದಲವೇ ಬೇಡವೆಂದು ದಿಬ್ಬದ ಮೇಲೆ ನಿಂತಿರುತ್ತದೆ. ಸಂಜೆ ತುರಾತ್ ಎಲ್ಲವನ್ನೂ ಮೇಲಿನ ಇಳಿಜಾರಿಗೆ ಬಿಟ್ಟು ನಾಯಿಯನ್ನು ಕಾವಲಿಟ್ಟು ಬರುತ್ತಾನೆ. ಬೆಳಿಗ್ಗೆ ಎದ್ದು ನೋಡಿದರೆ ಕುಲಾ ತಾಯಿಯ ಪಕ್ಕದಲ್ಲೇ. ಹೀಗೆ ದಿನಗಳು ಉರುಳಿದವು. ಅಕ್ಕಪಕ್ಕದವರು ಕುದುರೆ ಕಟ್ಟಿ ಚಹಾ ಕುಡಿಯಲು ಬರುವರು, ಇನ್ನೂ ಇದೆಯಾ ಎಂದು ಕೇಳುವರು, ಇದೆ ಎಂದರೆ ನಾಲಿಗೆಯಲ್ಲಿ ಲೊಚಗುಟ್ಟಿ ಮತ್ತೊಂದು ಬಟ್ಟಲು ಚಹಾ ಕೇಳುವರು.

ಹುಲ್ಲು ಕೊಯ್ಲು ಹತ್ತಿರ ಬಂತು. ಸತಾರ್ ಅಜ್ಜ ಬಂದು ಗುಡಾರದೊಳಗೆ ಬಾಗಿಲಿನ ಎದುರಿನ ಗೌರವದ ಜಾಗದಲ್ಲಿ ಕೂತು, ಮಾಂಸ ತಿಂದು, ಕೈ ಒರೆಸಿಕೊಂಡ.

"ಜೂರಾ, ಕುದುರೆ ಸುಳ್ಳು ಹೇಳಲ್ಲ ತಾಯಿ. ನಾವು ಹೇಳ್ತೀವಿ, ಅದು ಹೇಳಲ್ಲ. ಇವಳು ಕಣಿವೆ ಆಚೆಯೋರ ಮಗಳು," ಎಂದ.

ಸಗಿನ್ ಯಾರ ಮುಖವನ್ನೂ ನೋಡದೆ, ನಾಳೆ ಜೇರ್ದೆಗೆ ಹಗ್ಗ ಹಾಕುತ್ತೇನೆ ಎಂದ. ತುರಾತ್ ಎದ್ದು ಹೊರಗೆ ಹೋದ. ಹೋಗುವಾಗ, ಹಾಕು, ನಿನ್ನ ಹೊಸ ಒಲೆಗೆ ನಮ್ಮ ಮನೆಯ ಬೂದಿಯನ್ನೂ ಹೊತ್ತುಕೊಂಡು ಹೋಗು ಎಂದು ಗೊಣಗಿದ. ಮಾತೆಲ್ಲ ಗುಡಾರದ ಒಳಗೆ ನಡೆಯಿತು. ಸಗಿನ್‌ನ ಹೆಂಡತಿ ಬೆಗಾಯಿಮ್ ಹೊರಗೆ ಒಲೆಯ ಮುಂದೆ ಕೂತು ಕಡಾಯಿ ತಿಕ್ಕುತ್ತಿದ್ದಳು. ವಸಂತದಲ್ಲಷ್ಟೇ ಬಂದ ಸೊಸೆ, ದಕ್ಷಿಣದ ಏಪ್ರಿಕಾಟ್ ತೋಟಗಳ ಹುಡುಗಿ. ಹೊಸ ಸೊಸೆ ಹಿರಿಯರ ನಡುವೆ ಕೂರುವಂತಿಲ್ಲ, ಕೇಳದೆ ಮಾತಾಡುವಂತಿಲ್ಲ, ಗಂಡನ ಮನೆಯ ಹಿರಿಯರ ಹೆಸರೆತ್ತುವಂತಿಲ್ಲ. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಆ ಸಂಜೆ ಹಾಲು ಕರೆಯುವಾಗ ಜೂರಾಳ ಕಣ್ಣು ಕುಲಾಳ ಕಾಲಿನ ಮೇಲೆ ಬಿತ್ತು. ಮೊಣಕಾಲವರೆಗೆ ಒಣಗಿದ ಕರಿಕೆಸರು. ಉಳಿದ ಯಾವ ಕುದುರೆಗೂ ಇಲ್ಲ. ಮೇಲಿನ ಇಳಿಜಾರು ಕಲ್ಲುನೆಲ, ಅಲ್ಲಿ ಕೆಸರು ಎಲ್ಲಿಂದ ಬರಬೇಕು? ಅಂಥ ಕೆಸರಿರುವುದು ತೊರೆಯ ಆಚೆದಡದಲ್ಲಿ ಮಾತ್ರ. ಎಲ್ಲರೂ ಜೇರ್ದೆಯನ್ನೇ ನೋಡಿಕೊಂಡು ಕೂತೆವು, ಕುಲಾಳನ್ನು ನೋಡಿದವರು ಯಾರೂ ಇಲ್ಲವಲ್ಲ ಎನಿಸಿತು ಅವಳಿಗೆ. ಹತ್ತಿರ ಹೋಗಿ ಕುತ್ತಿಗೆಯ ಕೂದಲೊಳಗೆ ಕೈಯಾಡಿಸಿದಳು. ಬೆರಳಿಗೆ ಜಿಡ್ಡು ಹತ್ತಿತು. ಮೂಸಿದರೆ ಕುರಿಬಾಲದ ಕೊಬ್ಬು. ಕುದುರೆಗೆ ಕೊಬ್ಬು ಸವರಿದವರು ಯಾರು? ಯಾಕೆ?

ಅವಳು ಯಾರನ್ನೂ ಕೇಳಲಿಲ್ಲ. ಕೇಳಿದರೆ ಜನ ಉತ್ತರ ಕೊಡುತ್ತಾರೆ, ಸುಮ್ಮನಿದ್ದರೆ ವಿಷಯ ತಾನಾಗಿ ಎದುರಿಗೆ ಬರುತ್ತದೆ ಎಂಬುದು ಅವಳ ನಂಬಿಕೆ. ನಸುಕಿನಲ್ಲಿ ಎದ್ದು ತುಪ್ಪಳದ ಕೋಟು ಹೊದ್ದು ತೊರೆಯ ಬಳಿ ಬಂಡೆಯೊಂದರ ಮೇಲೆ ಕೂತಳು. ಬೆಳಕು ಹರಿಯುವ ಹೊತ್ತಿಗೆ ಆಚೆದಡದ ಮಂಜಿನೊಳಗಿಂದ ಬಿಳಿ ತಲೆವಸ್ತ್ರವೊಂದು ಬಂತು. ಅದರ ಹಿಂದೆ ಹಗ್ಗ, ಹಗ್ಗದ ಹಿಂದೆ ಕುಲಾ. ಬೆಗಾಯಿಮ್ ಲಂಗ ಎತ್ತಿ ಕಟ್ಟಿ ನೀರಿಗಿಳಿದಿದ್ದಳು. ಅತ್ತೆಯನ್ನು ಕಂಡು ನಡುನೀರಲ್ಲೇ ನಿಂತುಬಿಟ್ಟಳು.

"ಎಲ್ಲಿಂದ ತರ್ತಿದ್ದೀಯೇ ಇದನ್ನ?"

"ಆಚೆ ಕಡೆಯಿಂದ ಅತ್ತೆ. ದಿನಾ ಅಲ್ಲೇ ಒಂದೇ ನಿಂತಿರತ್ತೆ. ನಾನೇನೂ ಓಡಿಸಿದ್ದಲ್ಲ."

"ದಿನಾನಾ?"

"ಹೂಂ. ಇದು ಕಳೆದ್ರೆ ನಮ್ಮ ಮನೇನೇ ಕಳೆದಂಗೆ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ ಅಂತ ನಿಮ್ಮ ಮಗ ಹೇಳಿದ್ರು. ಆ ಕೆಂಪು ಕುದುರೆ ಇದನ್ನ ಕಚ್ಚತ್ತೆ ಅತ್ತೆ, ಬಲು ಕೆಟ್ಟದ್ದು. ಗಾಯ ಕಂಡ್ರೆ ಇದು ಬೇಡ ಅಂದುಬಿಡ್ತೀರೇನೋ ಅಂತ ಕೊಬ್ಬು ಸವರ್ತಿದ್ದೆ." ನೀರು ನೋಡುತ್ತ ಸೇರಿಸಿದಳು: "ಅದರ ಅಪ್ಪ ಅಂತೀರಿ. ಅಪ್ಪ ಆದೋನು ಹೀಗ್ ಕಚ್ತಾನಾ?"

ಜೂರಾ ನೀರಿಗಿಳಿದು ಕುಲಾಳ ಕುತ್ತಿಗೆಯ ಕೂದಲು ಸರಿಸಿ ನೋಡಿದಳು. ಹಳೆಯದು, ಹೊಸದು, ಹಲ್ಲಿನ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು. ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿಯನ್ನು ಏಪ್ರಿಕಾಟ್ ತೋಟದಿಂದ ಬಂದವಳಿಗೆ ಹೇಳಬೇಕೆಂದು ಮನೆಯಲ್ಲಿ ಯಾರಿಗೂ ತೋಚಿರಲಿಲ್ಲ, ತನಗೂ ತೋಚಿರಲಿಲ್ಲ. ಮೊದಲು ಒಂದು ನಗು ಬಂತು, ಅದರ ಬೆನ್ನಿಗೇ ಜೇರ್ದೆಗೆ ಹಗ್ಗ ಹಾಕಲು ಹೊರಟಿರುವ ಮಗನ ನೆನಪು ಬಂತು.

"ನೀರಿಂದ ಮೇಲೆ ಬಾರೇ, ಕಾಲು ಸೆಟೆದೀತು. ಆಮೇಲೆ ನಿನ್ನ ಗಂಡನ ಮುಂದೆ ಇದನ್ನೇ ಇನ್ನೊಂದ್ಸಲ ಹೇಳು. ನಾನು ಕೇಳ್ತೀನಿ, ನೀನು ಹೇಳು," ಎಂದಳು.

ಸಗಿನ್ ಕೇಳಿದ. ಹಗ್ಗ ಕೈಯಲ್ಲೇ ಇತ್ತು. ಮೊದಲು ನಂಬಲಿಲ್ಲ, ಹೆಂಡತಿ ಜಗಳ ತಪ್ಪಿಸಲು ಕಟ್ಟಿದ ಮಾತಿರಬೇಕು ಎಂದ. ಹಾಗಾದರೆ ಸಂಜೆ ಕಣ್ಣಾರೆ ನೋಡೋಣ ಎಂದಳು ಜೂರಾ. ಸತಾರ್ ಅಜ್ಜನಿಗೂ ಹೇಳಿಕಳಿಸಿದಳು. ಹೊತ್ತು ಮುಳುಗುವ ಮುಂಚೆ ಐವರೂ ದಿಬ್ಬದ ಹಿಂದೆ ಹುಲ್ಲಿನ ಮೇಲೆ ಸಾಲಾಗಿ ಕೂತರು, ಮದುವೆ ನೋಡಲು ಬಂದವರ ಹಾಗೆ.

ಬಹಳ ಹೊತ್ತು ಏನೂ ಆಗಲಿಲ್ಲ. ಜೇರ್ದೆ ಮೇಯುತ್ತಿತ್ತು. ಆಮೇಲೆ ತಲೆ ಎತ್ತಿತು. ಕತ್ತು ನೆಲಕ್ಕೆ ತಾಗುವಂತೆ ಇಳಿಸಿ, ಕಿವಿ ಮಡಿಚಿ, ಹಾವಿನ ಹಾಗೆ ಹರಿದು ಬಂತು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ನೇರ ಕುಲಾಳ ಬಳಿ ಬಂದು ಕುತ್ತಿಗೆಗೆ ಬಾಯಿ ಹಾಕಿತು. ಕುಲಾ ಓಡಿತು, ಸುತ್ತು ಹಾಕಿ ತಾಯಿಯ ಹತ್ತಿರಕ್ಕೇ ಬಂತು. ಜೇರ್ದೆ ಮತ್ತೆ ಅಟ್ಟಿತು, ತೊರೆ ದಾಟಿಸಿ ಬಂದು ಈಚೆದಡದಲ್ಲಿ ಅಡ್ಡ ನಿಂತಿತು. ತಾಯಿ ಕುದುರೆ ಒಮ್ಮೆ ಕೂಗಿ ಮೇಯತೊಡಗಿತು. ಬೆಗಾಯಿಮ್ ರೂಢಿಬಲದಿಂದ ಅರ್ಧ ಎದ್ದಳು. ಜೂರಾ ಅವಳ ತೋಳು ಹಿಡಿದು ಕೂರಿಸಿದಳು.

ತುರಾತ್ ಅಣ್ಣನ ಕೈಯಿಂದ ಹಗ್ಗ ತೆಗೆದುಕೊಂಡು ಸುತ್ತತೊಡಗಿದ. ಸಗಿನ್ ಬಿಟ್ಟುಕೊಟ್ಟ. ಕುಲಾಳ ತಾಯಿ ಆಚೆ ಕಣಿವೆಗೆ ಹೋಗಿಬಂದದ್ದು ನಿಜ, ಆದರೂ ಇವಳು ತನ್ನ ಮಗಳೇ ಎಂದು ಈ ಪ್ರಾಣಿಗೆ ಹೇಗೆ ತಿಳಿಯಿತು ಎಂದು ಜೂರಾ ಜೇರ್ದೆಯನ್ನೇ ನೋಡಿದಳು. ಅದು ಬಾಲದಿಂದ ನೊಣ ಹೊಡೆದುಕೊಳ್ಳುತ್ತಿತ್ತು.

ಮರುದಿನ ಬೆಳಿಗ್ಗೆ ಕುಲಾಳನ್ನು ಕರೆತರಲು ಯಾರೂ ಹೋಗಲಿಲ್ಲ. ಬಿಸಿಲೇರಿದ ಮೇಲೆ ಸತಾರ್ ಅಜ್ಜ ಕುದುರೆಯೇರಿ ಬಂದ, ಇಳಿಯದೆಯೇ ಹೇಳಿದ:

"ನನ್ನ ಹಿಂಡಿಗೆ ಬಂದು ಸೇರ್ಕೊಂಡವ್ಳೆ ಕಣಪ್ಪ ಸಗಿನ್. ನಮ್ಮ ಮಚ್ಚೆ ಗಂಡಿನ ಪಕ್ಕ ನಿಂತವ್ಳೆ, ಹತ್ತು ವರ್ಷದಿಂದ ಅಲ್ಲೇ ಇದ್ದೋಳ ಹಾಗೆ. ತೀರ್ಪು ಹೇಳಕ್ಕೆ ಬಂದೆ, ಸೊಸೆ ಸಿಕ್ಕಿಬಿಟ್ಲು ನೋಡು. ತಪ್ಪು ತೀರ್ಪಿಗೆ ಇಷ್ಟು ಲಾಭ ಆದ್ರೆ ಇನ್ಮೇಲೆ ಸರಿಯಾಗಿ ಹೇಳೋದೇ ಇಲ್ಲ."

ತನ್ನ ಪಾಲಿನ ಕುದುರೆ ಅಲ್ಲಿ, ತಾನಿಲ್ಲಿ, ಈಗ ಗುಡಾರ ಎಲ್ಲಿ ಹೂಡುವುದು ಎಂದು ಸಗಿನ್ ಕೇಳಿದ. ಅವಳು ಎಲ್ಲಿ ನಿಂತಳೋ ಅಲ್ಲೇ ಹೂಡು, ನಿನ್ನ ಹಿಂಡು ಅಲ್ಲಿಂದಲೇ ಶುರುವಾಗಲಿ ಎಂದಳು ತಾಯಿ. ಸತಾರ್ ಅಜ್ಜ ತೊರೆಯ ಮೇಲ್ಗಡೆ ಗಾಳಿ ಬಡಿಯದ ಜಾಗ ತೋರಿಸುತ್ತೇನೆಂದ. ತುರಾತ್ ಕೇಳದೆಯೇ ಗುಡಾರದ ಕಟ್ಟಿಗೆಗಳನ್ನು ಎತ್ತಿ ಎತ್ತಿನ ಮೇಲೆ ಹೇರತೊಡಗಿದ. ಜಾಸ್ತಿ ಬಿಗಿಯಬೇಡವೋ, ಮುರಿದೀತು ಎಂದು ಅಣ್ಣ, ಮುರಿದರೆ ಹೊಸದು ಮಾಡ್ಕೊ, ಯಜಮಾನ ಅಲ್ವಾ ಈಗ ಎಂದು ತಮ್ಮ.

ಬೆಗಾಯಿಮ್ ಉಣ್ಣೆಹಾಸು ಸುತ್ತುತ್ತ ಅತ್ತೆಯ ಹತ್ತಿರ ಸರಿದಳು. ಈ ಸಲ ಯಾರೂ ಕೇಳದೆಯೇ ಬಾಯಿ ತೆರೆದಳು.

"ಅತ್ತೆ, ಇನ್ಮೇಲೆ ಬೆಳಿಗ್ಗೆ ಅದನ್ನ ಕರ್ಕೊಂಡು ಬರ್ಬೇಕಾ, ಬೇಡ್ವಾ?"

"ಬೇಡ ಕಣೇ," ಎಂದಳು ಜೂರಾ. "ಈಗ ನೀನೇ ಅದರ ಹತ್ರ ಹೋಗ್ತಿದ್ದೀಯಲ್ಲ."