ಗ್ಲಾಸಿನ ತಳದ ಪರಿಮಳ

ಹೋಟೆಲಿನ ಅಡುಗೆಮನೆಯಲ್ಲಿ ವೈನಿನ ಗ್ಲಾಸು ಒರೆಸುವಾಗ ಹುಡುಗಿ ಮಾತಾಡುತ್ತಿರಲಿಲ್ಲ. ಗ್ಲಾಸಿನ ಸಣ್ಣ ಕಾಲು ಹಿಡಿದು, ಬಿಸಿನೀರಿನ ಆವಿಗೆ ಬೋರಲು ಮಾಡಿ, ಬಟ್ಟೆಯ ತುದಿ ಒಳಗಿಳಿಸಿ ಒಂದೇ ಸುತ್ತು. ಬೆಳಕಿಗೆ ಹಿಡಿದು ನೋಡಿ, ಸದ್ದಾಗದಂತೆ ತಟ್ಟೆಯ ಮೇಲಿಡುವುದು. ಹೀಗೆ ನಾಲ್ಕು ಗ್ಲಾಸು.

ಪಕ್ಕದಲ್ಲಿ ಅಡುಗೆಯ ಚಿಕ್ಕಮ್ಮ ಒಲೆಯ ಮುಂದೆ ನಿಂತಿದ್ದಳು. ಬೆಳಿಗ್ಗೆ ಆರಕ್ಕೆ ಸಣ್ಣ ಉರಿಯಲ್ಲಿಟ್ಟ ಕುರಿಮಾಂಸ ಹನ್ನೆರಡಕ್ಕೆ ಮೂಳೆ ಬಿಡುವ ಹದಕ್ಕೆ ಬಂದಿತ್ತು. ನಾಳೆ ಆ ಹೋಟೆಲಿಗೆ ಹದಿನಾಲ್ಕು ಜನ ದೊಡ್ಡ ಅತಿಥಿಗಳು ಬರುವವರಿದ್ದರು. ಅವರಿಗೆಂದು ಯಜಮಾನರು ಫ್ರಾನ್ಸಿನ ಗಟ್ಟಿ ಕೆಂಪು ವೈನು ತರಿಸಿದ್ದರು. ಈ ಮಾಂಸ ಆ ವೈನಿಗೆ ಹೊಂದಿದರೆ ಚಿಕ್ಕಮ್ಮನ ಅಡುಗೆ, ಇಲ್ಲದಿದ್ದರೆ ಹೊರಗಿನ ಬಾಣಸಿಗ ಎಂದು ಖಡಾಖಂಡಿತವಾಗಿ ಹೇಳಿದ್ದರು. ಇವತ್ತು ಅದರ ರುಚಿ ಪರೀಕ್ಷೆ. ಹೊರಗಿನವನು ಒಮ್ಮೆ ಒಳಗೆ ಬಂದರೆ ಜಾಗ ಬಿಟ್ಟು ಕದಲುವುದಿಲ್ಲ ಎಂಬುದು, ಹತ್ತೊಂಬತ್ತು ವರ್ಷ ಅದೇ ಒಲೆಯ ಮುಂದೆ ನಿಂತ ಚಿಕ್ಕಮ್ಮನಿಗೆ ಗೊತ್ತಿತ್ತು.

ಬಡಿಸುವವರಲ್ಲಿ ಹಿರಿಯನಿಗೆ ಎಲ್ಲರೂ ಇಟ್ಟ ಹೆಸರು ಗಡಿಯಾರಣ್ಣ. ಕುಡಿಯುವವರ ಕಣ್ಣೆದುರೇ ಬಾಟಲಿ ತೆರೆಯಬೇಕು, ತೆರೆದ ನಿಮಿಷಕ್ಕೇ ಸುರಿಯಬೇಕು. ಅದು ಅವನ ಶಾಸ್ತ್ರ. ಇವತ್ತೂ ಹಾಗೇ ಮಾಡಿದ.

ಯಜಮಾನರು ಒಂದು ತುಂಡು ಮಾಂಸ ತಿಂದು ಒಂದು ಗುಟುಕು ಕುಡಿದರು. ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು.

"ಏನ್ರೀ ಇದು! ಬರೀ ಒಗರು. ನಾಲಿಗೆಗೆ ಮರಳು ಉಜ್ಜಿದ ಹಾಗಿದೆ. ಮಾಂಸದ ರುಚೀನೇ ಹೊರಟುಹೋಯ್ತು."

"ಮಾಂಸದಲ್ಲೇ ಏನೋ ಕಮ್ಮಿ ಇರ್ಬೇಕು," ಎಂದ ಗಡಿಯಾರಣ್ಣ.

"ಕಮ್ಮಿ ಇರೋದು ನಿನ್ನ ತಲೇಲಿ," ಎಂದಳು ಚಿಕ್ಕಮ್ಮ. 

"ಜಗಳ ಸಾಕು. ಆ ಬಾಣಸಿಗನಿಗೆ ಫೋನ್ ಮಾಡು," ಎಂದರು ಯಜಮಾನರು ಗಡಿಯಾರಣ್ಣನಿಗೆ.

ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಆರು ವರ್ಷ ಈ ಹೋಟೆಲಿನ ಗ್ಲಾಸುಗಳನ್ನೇ ತೊಳೆದವಳು. ಒಂದು ಹನಿ ವೈನು ಕುಡಿದವಳಲ್ಲ. ಆದರೆ ತೊಳೆಯುವ ಮುಂಚೆ ಪ್ರತಿಯೊಂದನ್ನೂ ಮೂಗಿಗೆ ಹಿಡಿಯುತ್ತಿದ್ದಳು, ಯಾರಿಗೂ ಕಾಣದ ಹಾಗೆ. ಗಡಿಬಿಡಿಯಲ್ಲಿ ಕುಡಿದೆದ್ದವರ ಗ್ಲಾಸಿನಲ್ಲಿ ಬರೀ ಖಾರದ ಘಾಟು. ಹರಟುತ್ತಾ ಕೂತು ಮರೆತವರ ಗ್ಲಾಸಿನ ತಳದಲ್ಲಿ ಮಾತ್ರ ಹಣ್ಣಾದ ನೇರಳೆ, ಹಳೆಯ ಮರದ ಪೆಟ್ಟಿಗೆ, ಒದ್ದೆ ಮಣ್ಣು. ಅದೇ ಬಾಟಲಿ, ಅದೇ ವೈನು. ಬೇರೆಯಾದದ್ದು ಹೊತ್ತು ಮಾತ್ರ.

"ಸ್ವಲ್ಪ ಹೊತ್ತು ಬಿಟ್ಟು ಕುಡೀರಿ," ಎಂದಳು. "ಗಾಳಿ ಬೇಕು ಅದಕ್ಕೆ."

"ಗೋಡೆಗೂ ಬಾಯಿ ಬಂತಲ್ಲಪ್ಪ!" ಗಡಿಯಾರಣ್ಣ ನಕ್ಕ. "ಎಷ್ಟು ಹೊತ್ತು, ತಾಯಿ?"

"ಒಂದೂವರೆ ಗಂಟೆ."

ಗಡಿಯಾರಣ್ಣನ ನಗು ನಿಂತಿತು. ಯಜಮಾನರು ಅವಳನ್ನು ಮೊದಲ ಸಲ ನೋಡುವವರಂತೆ ನೋಡಿ, "ಆಗ್ಲಿ, ಅದೂ ಒಂದು ಆಗಿಬಿಡ್ಲಿ. ಫೋನ್ ಆಮೇಲೆ," ಎಂದರು.

ಅವಳು ಅಗಲ ಬಾಯಿಯ ಗಾಜಿನ ಹೂಜಿಗೆ ವೈನನ್ನೆಲ್ಲ ಸುರಿದಳು. "ಸಮುದ್ರ ದಾಟಿ ಬಂದದ್ದನ್ನ ನೀರಿನ ಹೂಜಿಗೆ ಹಾಕ್ತಾಳಲ್ಲ," ಎಂದು ಗಡಿಯಾರಣ್ಣ ಹಣೆ ಚಚ್ಚಿಕೊಂಡ. ಚಿಕ್ಕಮ್ಮ ಪಾತ್ರೆಯ ಮುಚ್ಚಳ ಮುಚ್ಚಿ ಉರಿ ತಗ್ಗಿಸಿದಳು. ಹುಡುಗಿಯ ಕಡೆ ನೋಡಲಿಲ್ಲ.

ಒಂದೂವರೆ ಗಂಟೆ ಕಳೆದು ಎರಡನೆಯ ಸಲ ಗ್ಲಾಸು ಎತ್ತುವ ಮೊದಲೇ ಪರಿಮಳ ಮೇಜು ದಾಟಿ ಬಂತು. ಯಜಮಾನರು ಕೊಬ್ಬಿರುವ ತುಂಡೊಂದನ್ನು ಬಾಯಿಗಿಟ್ಟು ಗುಟುಕರಿಸಿದರು. ಅಗಿಯುವುದು ನಿಂತಿತು. ನಿಧಾನವಾಗಿ ಮತ್ತೆ ಶುರುವಾಯಿತು. ಮೊದಲು ಮಾಂಸದ ರುಚಿಯನ್ನು ಓಡಿಸಿದ್ದ ಒಗರು ಈಗ ಅದರ ಹೆಗಲ ಮೇಲೆ ಕೈ ಹಾಕಿಕೊಂಡು ಗಂಟಲಿಗೆ ಇಳಿದಿರಬೇಕು. ಗಡಿಯಾರಣ್ಣನೂ ತಿಂದ, ಕುಡಿದ, ಕುರ್ಚಿ ಎಳೆದು ಯಜಮಾನರ ಎದುರೇ ಕೂತುಬಿಟ್ಟ.

ಚಿಕ್ಕಮ್ಮ ತಾನು ಕುಡಿದ ಗ್ಲಾಸನ್ನು ಹುಡುಗಿಯ ಕೈಗಿಟ್ಟು, ಮಾಂಸದ ತುತ್ತೊಂದನ್ನು ತಾನೇ ಬಾಯಿಗೆ ಕೊಟ್ಟಳು. ಹುಡುಗಿ ಕುಡಿದಳು. ಆರು ವರ್ಷ ಹೊರಗಿನಿಂದ ಮೂಸಿದ್ದ ಮನೆಯ ಬಾಗಿಲು ತೆರೆದಿತ್ತು. ಒಳಗೆ ಕೋಣೆಯ ಹಿಂದೆ ಕೋಣೆ. ಯಾವುದೋ ದೇಶದ ದ್ರಾಕ್ಷಿಗೂ ಚಿಕ್ಕಮ್ಮನ ಸಣ್ಣ ಉರಿಗೂ ಇಷ್ಟು ಪರಿಚಯ ಯಾವಾಗ ಆಯಿತು? 

ಯಜಮಾನರು ಕಣ್ಣು ಮುಚ್ಚಿದ್ದರು. ಗಡಿಯಾರಣ್ಣ ಬ್ರೆಡ್ಡಿನ ಚೂರಿನಿಂದ ತಟ್ಟೆ ಸವರುತ್ತಿದ್ದ. ಚಿಕ್ಕಮ್ಮ ಸೌಟನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು.

"ಯಜಮಾನ್ರೆ, ನಾಳೆ ಅಡುಗೆ ನನಗೇ ಬಿಡಿ."

ಯಜಮಾನರು ಕಣ್ಣು ತೆರೆದದ್ದು ಕಂಡು, ಇನ್ನೂ ಮೆಲ್ಲಗೆ ಮತ್ತೊಮ್ಮೆ ಹೇಳಿದಳು:

"ನನಗೇ ಬಿಡಿ."